ಶಿರಾದ ಸಿಪಾಯಿ ಫತೇ ಮುಹಮ್ಮದ್

ಹೈದರ್ ಅಲಿಯವರ ಹೆಸರು ಕೇಳದ ಕನ್ನಡಿಗರಿಲ್ಲ. ಟಿಪ್ಪು ಸುಲ್ತಾನರ ಬಗ್ಗೆ ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ, ಮನೆಯಲ್ಲಿ ಹಿರಿಯರ ಬಾಯಿಂದ ಕೇಳುತ್ತಾರೆ. ಆದರೆ ಹೈದರ್ ಅಲಿಯವರ ತಂದೆ ಯಾರು, ಎಲ್ಲಿ ದುಡಿದರು, ಹೇಗೆ ಮರಣ ಹೊಂದಿದರು, ಅವರ ಬಳಿಕ ಅವರ ಹೆಂಡತಿ ಮಕ್ಕಳ ಗತಿ ಏನಾಯಿತು ಎಂದು ವಿಚಾರಿಸಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಆ ತಂದೆಯ ಹೆಸರು ಫತೇ ಮುಹಮ್ಮದ್. ಸಾಧಾರಣ ಪೇದೆಯಾಗಿ ಸೇವೆಗೆ ಸೇರಿ, ಕೋಲಾರದ ಫೌಜ್‌ದಾರರಾಗಿ, ಕೊನೆಗೆ ರಣರಂಗದಲ್ಲಿ ಪ್ರಾಣ ಬಿಟ್ಟವರು. ಅವರು ಉಪ್ಪು ತಿಂದ ಸರ್ಕಾರ ಶಿರಾದಲ್ಲಿತ್ತು.

ಇಂದು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಂಬ ನಾಲ್ಕೂ ತಾಲೂಕುಗಳು ಒಂದೇ ತುಮಕೂರು ಜಿಲ್ಲೆಯೊಳಗಿವೆ. ಬೆಳಿಗ್ಗೆ ಹೊರಟವನು ಬಸ್ಸಿನಲ್ಲಿ ನಾಲ್ಕನ್ನೂ ಸುತ್ತಿ ರಾತ್ರಿ ಮನೆ ಸೇರಬಹುದು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಪರಿಸ್ಥಿತಿ ಹಾಗಿರಲಿಲ್ಲ. ಶಿರಾ ಮೊಗಲರ ಸುಬೇದಾರನ ಪಟ್ಟಣ. ಮಧುಗಿರಿ 1678ರಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲೇ ಮೈಸೂರಿನ ಪಾಲಾಗಿತ್ತು. ಕೊರಟಗೆರೆ ಮತ್ತು ಪಾವಗಡಗಳಲ್ಲಿ ಪಾಳೆಯಗಾರರು ತಮ್ಮ ತಮ್ಮ ಗುಡ್ಡಗಳ ಮೇಲೆ ಕೋಟೆ ಕಟ್ಟಿಕೊಂಡು ಕುಳಿತಿದ್ದರು. ಹತ್ತು ಹರಿದಾರಿ ನಡೆದರೆ ಒಡೆಯ ಬದಲಾಗುತ್ತಿದ್ದ. ಇಂತಹ ನಾಡಿನಲ್ಲಿ ಕತ್ತಿ ಹಿಡಿಯಬಲ್ಲವನಿಗೆ ಕೆಲಸಕ್ಕೆ ಕೊರತೆಯಿರಲಿಲ್ಲ. ಆದರೆ ಆ ಕೆಲಸ ನಾಳೆಯೂ ಇದ್ದೀತು ಎಂಬ ಭರವಸೆ ಯಾರಿಗೂ ಇರಲಿಲ್ಲ.

ಶಿರಾವನ್ನು 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಗೆದ್ದುಕೊಂಡಿದ್ದ. ಅಲ್ಲಿ ಆಡಳಿತ ನಡೆಸಿದ ಮಲಿಕ್ ರಿಹಾನ್‌ರ ಗೋರಿ ಈಗಲೂ ಆ ಊರಿನಲ್ಲಿದೆ. ಬಿಜಾಪುರ ಬಿದ್ದ ಬಳಿಕ 1687ರ ಸುಮಾರಿಗೆ ಮೊಗಲರು ಬಂದರು. ಶಿರಾವನ್ನೇ ರಾಜಧಾನಿ ಮಾಡಿ ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳ ಒಂದು ಸುಬಾ ರಚಿಸಿದರು. ಶಿರಾದ ಜಾಮಿಯಾ ಮಸೀದಿ 1696ರದ್ದು. ಈ ಏಳು ಪರಗಣಗಳಲ್ಲಿ ಕೋಲಾರ ಮತ್ತು ದೊಡ್ಡಬಳ್ಳಾಪುರದ ಹೆಸರುಗಳನ್ನು ವಾಚಕರು ನೆನಪಿನಲ್ಲಿಡಬೇಕು. ಒಂದು ಫತೇ ಮುಹಮ್ಮದರ ಏಳಿಗೆಯ ಊರು, ಇನ್ನೊಂದು ಅವರ ಮಕ್ಕಳ ಕಣ್ಣೀರಿನ ಊರು.

ಈ ಮನೆತನದ ಕಥೆಯನ್ನು ಮುಖ್ಯವಾಗಿ ಇಬ್ಬರು ಬರೆದಿಟ್ಟಿದ್ದಾರೆ. ಒಬ್ಬರು ಟಿಪ್ಪು ಸುಲ್ತಾನರ ಆಸ್ಥಾನದಲ್ಲಿದ್ದ ಮೀರ್ ಹುಸೇನ್ ಅಲಿ ಕಿರ್ಮಾನಿ. ಇನ್ನೊಬ್ಬ ಮೈಸೂರಿನಲ್ಲಿ ಇಂಗ್ಲಿಷರ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್. ಇವರಿಬ್ಬರ ಮಾತು ಎಲ್ಲ ಕಡೆಯೂ ಹೊಂದುವುದಿಲ್ಲ. ಕಿರ್ಮಾನಿ ತನ್ನ ಒಡೆಯರ ಪೂರ್ವಜರನ್ನು ಎತ್ತರಿಸಿ ಬರೆಯುತ್ತಾರೆ. ವಿಲ್ಕ್ಸ್‌ಗೆ ಆ ಹಂಗಿರಲಿಲ್ಲ. ಬದಲಾಗಿ ಈ ಮನೆತನವನ್ನು ಕುಗ್ಗಿಸುವುದರಲ್ಲಿ ಆತನಿಗೆ ಆಸಕ್ತಿ ಇತ್ತು. ಆದರೆ ಕುಗ್ಗಿಸಲೆಂದು ಆತ ಬರೆದ ಬಡತನದ ವಿವರಗಳೇ ಇಂದು ಓದುವಾಗ ಫತೇ ಮುಹಮ್ಮದರ ಮೇಲಿನ ಗೌರವವನ್ನು ಹೆಚ್ಚಿಸುತ್ತವೆ.

ವಿಲ್ಕ್ಸ್ ಬರೆದಿರುವಂತೆ ಪಂಜಾಬಿನ ಕಡೆಯಿಂದ ಬಂದ ಮುಹಮ್ಮದ್ ಬಹ್ಲೂಲ್ ಎಂಬ ಧರ್ಮಭೀರು ಗುಲ್ಬರ್ಗದ ಹತ್ತಿರದ ಆಳಂದದಲ್ಲಿ ನೆಲೆಸಿ ಚಿಕ್ಕದೊಂದು ಮಸೀದಿ ಕಟ್ಟಿಸಿದರು. ಅವರಿಗೆ ಮುಹಮ್ಮದ್ ಅಲಿ, ಮುಹಮ್ಮದ್ ವಲಿ ಎಂಬ ಇಬ್ಬರು ಮಕ್ಕಳು. ಮಸೀದಿಯ ಆದಾಯದಲ್ಲಿ ಮದುವೆಯಾದ ಇಬ್ಬರ ಸಂಸಾರ ನಡೆಯಲಿಲ್ಲ. ಅಣ್ಣ ತಮ್ಮಂದಿರು ಹೊಟ್ಟೆಪಾಡಿಗಾಗಿ ಶಿರಾಕ್ಕೆ ಬಂದು ಸರ್ಕಾರದ ಪೇದೆಗಳಾದರು. ಕೆಲಸದ ಮೇಲೆ ಕೋಲಾರಕ್ಕೆ ಹೋಗಿದ್ದಾಗ ಅಣ್ಣ ಮುಹಮ್ಮದ್ ಅಲಿ ತೀರಿಕೊಂಡರು. ಅವರ ಮಗನೇ ನಮ್ಮ ಫತೇ ಮುಹಮ್ಮದ್, ಆಗಿನ್ನೂ ಚಿಕ್ಕ ಹುಡುಗ.

ಅಣ್ಣನ ಮನೆಯಲ್ಲಿದ್ದ ಅಲ್ಪಸ್ವಲ್ಪ ಸೊತ್ತನ್ನು ತಮ್ಮ ವಶಪಡಿಸಿಕೊಂಡು ಅತ್ತಿಗೆಯನ್ನೂ ಮಗುವನ್ನೂ ಹೊರಗೆ ಹಾಕಿದನಂತೆ. ತಂದೆಯಿಲ್ಲದ ಮಗುವಿಗೆ ಚಿಕ್ಕಪ್ಪ ಆಸರೆಯಾಗಬೇಕು. ಪ್ರವಾದಿ ಮುಹಮ್ಮದ್(ಸ)ರನ್ನು ಅಬೂತಾಲಿಬ್ ಸಾಕಿದ ವೃತ್ತಾಂತ ನಮ್ಮ ಮಕ್ಕಳಿಗೂ ಗೊತ್ತು. ಇಲ್ಲಿ ಚಿಕ್ಕಪ್ಪ ಕೈಬಿಟ್ಟ. ಕೈಹಿಡಿದವನು ಪೇದೆಗಳ ನಾಯಕನೊಬ್ಬ, ರಕ್ತಸಂಬಂಧಿಯಲ್ಲ. ಅವನು ಆ ತಾಯಿ ಮಗನಿಗೆ ನೆರಳು ಕೊಟ್ಟು, ಹುಡುಗನನ್ನು ಸ್ವಂತ ಮಗನಂತೆ ಬೆಳೆಸಿ, ವಯಸ್ಸು ಬಂದಾಗ ತನ್ನ ತಂಡದಲ್ಲೇ ಪೇದೆಯಾಗಿ ಸೇರಿಸಿಕೊಂಡ. ಅವನ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಮೈಸೂರಿನ ಚರಿತ್ರೆಯನ್ನೇ ಬದಲಿಸಿದ ಮನೆತನವೊಂದು ಉಳಿದುಕೊಂಡದ್ದು ಆ ಹೆಸರಿಲ್ಲದ ನಾಯಕನ ಒಂದು ಹಿಡಿ ಅನ್ನದಿಂದ.

ಶಿರಾದ ಸೇನೆ ಕಡಪ ಸೀಮೆಯ ಗಂಡಿಕೋಟೆಯನ್ನು ಮುತ್ತಿದಾಗ ಯುವಕ ಫತೇ ಮುಹಮ್ಮದ್ ತೋರಿದ ಧೈರ್ಯ ಸುಬೇದಾರ ದರ್ಗಾ ಕುಲಿ ಖಾನನ ಗಮನಕ್ಕೆ ಬಂತು. ಪೆನ್ನಾ ನದಿಯ ಆಳವಾದ ಕಣಿವೆಯ ಅಂಚಿನಲ್ಲಿರುವ ಆ ಕೋಟೆಯನ್ನು ಕಂಡವರಿಗೆ ಅಲ್ಲಿ ಮುನ್ನುಗ್ಗುವುದೆಂದರೆ ಏನೆಂದು ಅರ್ಥವಾದೀತು. ಅವರು ನಾಯಕರಾದರು. ಜನ ಫತೇ ನಾಯಕ್ ಎಂದು ಕರೆಯತೊಡಗಿದರು.

ಮೊದಲ ಮಡದಿ ಕೋಲಾರದವರು. ಎರಡನೆಯ ಮದುವೆಯ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೊಂಕಣದ ಕಡೆಯ ನವಾಯತ ಕುಟುಂಬವೊಂದು ಆರ್ಕಾಟಿಗೆ ಪ್ರಯಾಣ ಹೊರಟಿತ್ತು. ತರೀಕೆರೆಯ ಬಳಿ ದರೋಡೆಕೋರರು ಮನೆಯ ಯಜಮಾನನನ್ನು ಕೊಂದು ಇದ್ದದ್ದನ್ನೆಲ್ಲ ದೋಚಿದರು. ವಿಧವೆ ತಾಯಿ, ಇಬ್ರಾಹೀಮ್ ಎಂಬ ಮಗ, ಇಬ್ಬರು ಹೆಣ್ಣುಮಕ್ಕಳು ದಾರಿಯುದ್ದಕ್ಕೂ ಬೇಡುತ್ತಾ ಕೋಲಾರ ತಲುಪಿದರು. ಫತೇ ಮುಹಮ್ಮದ್ ಆ ಮನೆಯ ಹಿರಿಯ ಹುಡುಗಿಯನ್ನು ಮದುವೆಯಾದರು. ಆಕೆ ತೀರಿಕೊಂಡ ಬಳಿಕ ತಂಗಿಯನ್ನು ವರಿಸಿದರು. ಆಕೆಯೇ ಶಹಬಾಝ್ ಮತ್ತು ಹೈದರ್ ಎಂಬಿಬ್ಬರ ತಾಯಿ. ಇದು ವಿಲ್ಕ್ಸ್ ಕೊಡುವ ವಿವರ. ಕಿರ್ಮಾನಿಯವರ ಪ್ರಕಾರ ಆಕೆ ತಂಜಾವೂರಿನ ಕಡೆಯ ಗೌರವಸ್ಥ ಪೀರ್‌ಝಾದೆ ಮನೆಯವರು. ರಾಜಮನೆತನಕ್ಕೆ ಈ ಎರಡನೆಯ ವಿವರ ಹೆಚ್ಚು ಒಪ್ಪುತ್ತದೆ ಎಂಬುದು ನಿಜ. ಆದರೆ ತಾನೇ ಬಾಲ್ಯದಲ್ಲಿ ತಾಯಿಯೊಂದಿಗೆ ಬೀದಿಗೆ ಬಿದ್ದಿದ್ದ ಸಿಪಾಯಿ, ಬೀದಿಗೆ ಬಿದ್ದ ಇನ್ನೊಂದು ಕುಟುಂಬಕ್ಕೆ ತನ್ನ ಬಾಗಿಲು ತೆರೆದ ಎಂಬ ಮೊದಲ ವಿವರವೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಸಿಪಾಯಿಯ ಬಾಳು ಒಡೆಯನ ಬಾಳಿಗೆ ಕಟ್ಟಿಕೊಂಡಿರುತ್ತದೆ. ಶಿರಾದಲ್ಲಿ ಸುಬೇದಾರ ಬದಲಾದಾಗ ಹಳೆಯ ಸೇವೆಗೆ ಬೆಲೆಯಿಲ್ಲವಾಯಿತು. ಫತೇ ಮುಹಮ್ಮದ್ ಆರ್ಕಾಟಿನ ಕಡೆಗೆ ಹೋಗಿ ಕೆಲವು ಕಾಲ ದುಡಿದರು. ಮತ್ತೆ ಶಿರಾಕ್ಕೆ ಮರಳಿದಾಗ ಅವರಿಗೆ ಕೋಲಾರದ ಫೌಜ್‌ದಾರಿಯೂ ಬೂದಿಕೋಟೆಯ ಜಹಗೀರೂ ದೊರೆತವು. ಈಗಿನ ಬಂಗಾರಪೇಟೆಯ ಬಳಿಯ ಈ ಬೂದಿಕೋಟೆಯಲ್ಲೇ 1720ರ ದಶಕದ ಆರಂಭದಲ್ಲಿ ಹೈದರ್ ಹುಟ್ಟಿದ್ದು.

ಫೌಜ್‌ದಾರನ ಕೆಲಸ ಏನೆಂದು ಇಂದಿನವರಿಗೆ ತಿಳಿದಿರಲಾರದು. ಪರಗಣದಲ್ಲಿ ಶಾಂತಿ ಕಾಪಾಡುವುದು, ದಾರಿಗಳನ್ನು ಕಳ್ಳಕಾಕರಿಂದ ರಕ್ಷಿಸುವುದು, ಕಂದಾಯ ಬರುವಂತೆ ನೋಡಿಕೊಳ್ಳುವುದು, ಕರೆ ಬಂದಾಗ ಸೇನೆಯೊಂದಿಗೆ ಹೊರಡುವುದು. ಇಂದಿನ ಪೊಲೀಸ್ ವರಿಷ್ಠಾಧಿಕಾರಿ, ತಹಸೀಲ್ದಾರ, ಸೇನಾಧಿಕಾರಿ ಮೂವರ ಹೊಣೆ ಒಬ್ಬನ ಹೆಗಲ ಮೇಲೆ. ಸಂಬಳವೆಂದು ನಗದು ಕೈಗೆ ಬರುತ್ತಿರಲಿಲ್ಲ. ಗೊತ್ತುಪಡಿಸಿದ ಹಳ್ಳಿಗಳ ಕಂದಾಯವೇ ಜಹಗೀರು. ಅದರಿಂದಲೇ ತನ್ನ ಸಿಪಾಯಿಗಳಿಗೆ ಸಂಬಳ, ಕುದುರೆಗಳಿಗೆ ಮೇವು, ಮನೆ ಖರ್ಚು, ಸರ್ಕಾರದ ಪಾಲು. ಮಳೆ ಬಾರದ ವರ್ಷ ಹಳ್ಳಿಯಿಂದ ಹಣ ಬಾರದು, ಸಿಪಾಯಿ ಮಾತ್ರ ಸಂಬಳ ಕೇಳುವುದನ್ನು ಬಿಡಲಾರ. ಆದುದರಿಂದ ಇಂತಹ ಅಧಿಕಾರಿಗಳ ಲೆಕ್ಕ ಎಂದೂ ಪೂರ್ತಿ ಚುಕ್ತಾ ಆಗುತ್ತಿರಲಿಲ್ಲ. ಬದುಕಿರುವ ತನಕ ಬಾಕಿ ಮುಂದಕ್ಕೆ ಹೋಗುತ್ತಿತ್ತು. ಸತ್ತ ದಿನ ಅದು ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಅಧಿಕಾರಿ ಸತ್ತರೆ ಅವನ ಸೊತ್ತಿಗೆ ಮೊಹರು ಹಾಕಿ ಸರ್ಕಾರದ ಬಾಕಿ ಹಿಡಿದುಕೊಳ್ಳುವ ಪದ್ಧತಿ ಮೊಗಲರಲ್ಲಿ ಮೊದಲಿನಿಂದಲೂ ಇತ್ತು. ಬಾಕಿಗಿಂತ ಹೆಚ್ಚು ಮುಟ್ಟದೆ ಉಳಿದದ್ದನ್ನು ವಾರೀಸುದಾರರಿಗೆ ಬಿಡಬೇಕೆಂದು ಔರಂಗಝೇಬ್ ಆದೇಶ ಹೊರಡಿಸಿದ್ದುಂಟು. ದೂರದ ದೊಡ್ಡಬಳ್ಳಾಪುರದಲ್ಲಿ ಅದನ್ನು ಪಾಲಿಸುವವರು ಯಾರು?

1728ರಲ್ಲಿ ಶಿರಾದ ಸುಬೇದಾರಿಗಾಗಿ ಇಬ್ಬರ ನಡುವೆ ಹೋರಾಟ ಹುಟ್ಟಿತು. ಅಧಿಕಾರದಲ್ಲಿದ್ದವನು ಅಬ್ದುಲ್ ರಸೂಲ್ ಖಾನ್. ಹೊಸ ಸನದು ಹಿಡಿದು ಬಂದವನು ತಾಹಿರ್ ಖಾನ್. ಫತೇ ಮುಹಮ್ಮದ್ ತಮಗೆ ಹುದ್ದೆ ಕೊಟ್ಟವನ ಪಕ್ಷ ಬಿಡಲಿಲ್ಲ. ಕದನದಲ್ಲಿ ಒಡೆಯನೂ ಸತ್ತ, ಫೌಜ್‌ದಾರರೂ ಸತ್ತರು. ಈ ಜಗಳದಲ್ಲಿ ನ್ಯಾಯ ಯಾರ ಕಡೆಗಿತ್ತು ಎಂದು ಈಗ ತೂಗಿ ನೋಡುವುದು ವ್ಯರ್ಥ. ಇಬ್ಬರೂ ಒಂದೇ ಕುರ್ಚಿಗಾಗಿ ಹೊಡೆದಾಡಿದವರು. ಆದರೆ ಸೋಲುವ ಪಕ್ಷವನ್ನು ಬಿಟ್ಟು ಗೆಲ್ಲುವ ಪಕ್ಷಕ್ಕೆ ದಾಟುವುದು ಮಾಮೂಲಾಗಿದ್ದ ಆ ಕಾಲದಲ್ಲಿ ಫತೇ ಮುಹಮ್ಮದ್ ದಾಟಲಿಲ್ಲ ಎಂಬುದನ್ನು ಹೇಳಲೇಬೇಕು.

ಅವರು ಯುದ್ಧಕ್ಕೆ ಹೊರಟಾಗ ಹೆಂಡತಿ ಮಕ್ಕಳು ದೊಡ್ಡಬಳ್ಳಾಪುರದಲ್ಲಿದ್ದರು. ಅಧಿಕಾರಿಗಳ ಕುಟುಂಬಗಳನ್ನು ಕೋಟೆಯೊಳಗೆ ಇರಿಸಿಕೊಳ್ಳುವುದು ಆಗಿನ ರೂಢಿ. ರಕ್ಷಣೆಯೆಂಬುದು ಹೆಸರಿಗೆ ಮಾತ್ರ, ನಿಷ್ಠೆಗೆ ಒತ್ತೆಯಿಡುವುದೇ ಅದರ ಹುರುಳು. ಅಲ್ಲಿನ ಜಹಗೀರುದಾರ ಅಬ್ಬಾಸ್ ಕುಲಿ ಖಾನ್. ಫತೇ ಮುಹಮ್ಮದರ ಸಾವಿನ ಸುದ್ದಿ ಬಂದಾಗ ಆತ ಮಾಡಿದ ಮೊದಲ ಕೆಲಸ ಮನೆಯನ್ನು ಶೋಧಿಸಿದ್ದು. ಸತ್ತವರಿಂದ ಬಾಕಿ ಬರಬೇಕಿತ್ತೆಂಬ ನೆಪ. ಒಡವೆ, ವಸ್ತ್ರ, ಪಾತ್ರೆಗಳೆಲ್ಲ ಹೋದವು. ಅಷ್ಟಕ್ಕೆ ಬಿಡದೆ, ಎಲ್ಲೋ ಹಣ ಬಚ್ಚಿಟ್ಟಿರಬೇಕೆಂದು ಮಕ್ಕಳನ್ನು ಹಿಡಿದ. ಶಹಬಾಝ್‌ಗೆ ಒಂಬತ್ತು ವರ್ಷ, ಹೈದರ್‌ಗೆ ಏಳು. ಮಕ್ಕಳನ್ನು ನಗಾರಿಯೊಳಗೆ ಹಾಕಿ, ಚರ್ಮ ಬಿಗಿದು, ಹೊರಗಿನಿಂದ ಬಾರಿಸಿದರೆಂದು ಚರಿತ್ರೆ ಹೇಳುತ್ತದೆ. ತಾಯಿಯ ಬಳಿ ಇದ್ದ ಕೊನೆಯ ಕಾಸೂ ಹೀಗೆ ಹೊರಬಂತು.

ಇಲ್ಲಿ ಸ್ವಲ್ಪ ನಿಲ್ಲಬೇಕಾಗುತ್ತದೆ. ಅಬ್ಬಾಸ್ ಕುಲಿ ಖಾನ್ ಕಲಿಮಾ ಹೇಳುತ್ತಿದ್ದವನು. ಮೃತನ ಸಾಲವನ್ನು ಅವನು ಬಿಟ್ಟುಹೋದ ಸೊತ್ತಿನಿಂದ ಮೊದಲು ತೀರಿಸಬೇಕು, ಆಮೇಲೆ ವಾರೀಸುದಾರರ ಪಾಲು ಎಂಬುದು ಪವಿತ್ರ ಕುರ್‌ಆನಿನ ನಿಯಮ. ಆದುದರಿಂದ ಬಾಕಿ ಕೇಳಿದ್ದೇ ತಪ್ಪೆಂದು ಹೇಳಲಾಗದು. ಆದರೆ ಸಾಲವು ಸೊತ್ತಿನ ಮೇಲೆ ಬೀಳುತ್ತದೆ, ಏಳು ವರ್ಷದ ಮಗುವಿನ ಮೈಮೇಲೆ ಬೀಳುವುದಿಲ್ಲ. ಪ್ರವಾದಿ(ಸ)ಯವರು ಸಾಲವಿಟ್ಟು ಸತ್ತ ಬಡವನ ಸಾಲವನ್ನು ತಾವೇ ಹೊತ್ತುಕೊಂಡವರು. ಅನಾಥರ ಸೊತ್ತನ್ನು ತಿನ್ನುವವರಿಗೆ ಅನ್ನಿಸಾ ಅಧ್ಯಾಯದಲ್ಲಿರುವ ಎಚ್ಚರಿಕೆಯನ್ನು ಆ ಜಹಗೀರುದಾರ ಶುಕ್ರವಾರದ ನಮಾಝಿನಲ್ಲಿ ಎಷ್ಟು ಸಲ ಕೇಳಿದ್ದನೋ.

ಆ ಮನೆಯಲ್ಲಿ ಇನ್ನೊಬ್ಬರಿದ್ದರು. ಅಬ್ಬಾಸ್ ಕುಲಿಯ ತಾಯಿ. ಮಗ ಹಿಂಸಿಸುತ್ತಿದ್ದಾಗ ಆಕೆ ಆ ವಿಧವೆಗೆ ದಯೆ ತೋರಿದರು. ಮಗನ ಕೈ ತಡೆಯುವ ಶಕ್ತಿ ಆಕೆಗೆ ಇರಲಿಲ್ಲ. ಆದರೆ ಆ ದಯೆಯನ್ನು ಪಡೆದವರು ಮರೆಯಲಿಲ್ಲ.

ಬಿಡುಗಡೆಯಾದ ತಾಯಿ ಮಕ್ಕಳು ಬೆಂಗಳೂರಿಗೆ ಬಂದರು. ಅಲ್ಲಿ ಮೈಸೂರಿನ ಸೇವೆಯಲ್ಲಿದ್ದ ಸೋದರಮಾವ ಇಬ್ರಾಹೀಮ್ ಸಾಹೇಬರು ಅವರಿಗೆ ಆಶ್ರಯವಾದರು. ತರೀಕೆರೆಯ ದರೋಡೆಯ ಬಳಿಕ ಫತೇ ಮುಹಮ್ಮದರ ಮನೆ ಸೇರಿದ್ದ ಹುಡುಗನೇ ಇವರು. ಭಾವನ ಅನ್ನದ ಋಣ ಹೀಗೆ ಅವರ ಮಕ್ಕಳಿಗೆ ಸಂದಾಯವಾಯಿತು. ಶ್ರೀರಂಗಪಟ್ಟಣದಲ್ಲಿದ್ದ ತಂದೆಯ ಕಡೆಯ ಬಂಧುವೊಬ್ಬರು ದಳವಾಯಿಯ ಮೂಲಕ ಒತ್ತಡ ತಂದು ಇವರನ್ನು ಬಿಡಿಸಿದರೆಂದು ಕಿರ್ಮಾನಿ ಬರೆಯುತ್ತಾರೆ.

ಮುಂದಿನದು ಹೆಚ್ಚಿನವರಿಗೆ ಗೊತ್ತಿರುವ ಕಥೆ. ಶಹಬಾಝ್ ಮೈಸೂರಿನ ಸೇನೆಯಲ್ಲಿ ಮೇಲೆ ಬಂದರು. 1749ರಲ್ಲಿ ದೇವನಹಳ್ಳಿಯ ಮುತ್ತಿಗೆಯಲ್ಲಿ ಅಣ್ಣನ ಜೊತೆಗಿದ್ದ ಹೈದರ್ ನಂಜರಾಜನ ಕಣ್ಣಿಗೆ ಬಿದ್ದು ಐವತ್ತು ಕುದುರೆ, ಇನ್ನೂರು ಕಾಲಾಳುಗಳ ಮುಖಂಡರಾದರು. 1755ರಲ್ಲಿ ದಿಂಡಿಗಲ್ಲಿನ ಫೌಜ್‌ದಾರರಾದರು. ತಂದೆ ಕೋಲಾರದಲ್ಲಿ ಹೊಂದಿದ್ದ ಪದವಿಯ ಹೆಸರೇ ಅದು. 1761ರಲ್ಲಿ ಬಸಾಲತ್ ಜಂಗ್ ಮೂರು ಲಕ್ಷ ರೂಪಾಯಿ ನಝರಾನೆ ಪಡೆದು ಅವರಿಗೆ ಶಿರಾದ ನವಾಬಗಿರಿ ಬರೆದುಕೊಟ್ಟ. ಯಾವ ಶಿರಾದಲ್ಲಿ ಅಜ್ಜ ಪೇದೆಯಾಗಿದ್ದರೋ, ಯಾವ ಶಿರಾದ ಕುರ್ಚಿಯ ಜಗಳದಲ್ಲಿ ತಂದೆ ಸತ್ತರೋ, ಆ ಶಿರಾದ ನವಾಬ ಎಂಬ ಬಿರುದು ಹೈದರ್ ಅಲಿಯವರದಾಯಿತು.

ಅದೇ ದಂಡಯಾತ್ರೆಯಲ್ಲಿ ಅವರು ದೊಡ್ಡಬಳ್ಳಾಪುರಕ್ಕೆ ಬಂದರು. ಮೂವತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು. ಅಬ್ಬಾಸ್ ಕುಲಿ ಖಾನ್ ಇನ್ನೂ ಅಲ್ಲೇ ಇದ್ದ. ನಗಾರಿಯ ಸದ್ದು ಅವನಿಗೂ ನೆನಪಿದ್ದಿರಬೇಕು. ಹೆತ್ತ ತಾಯಿಯನ್ನೂ ಮನೆಯವರನ್ನೂ ಹಿಂದೆ ಬಿಟ್ಟು ಒಬ್ಬನೇ ಮದ್ರಾಸಿಗೆ ಓಡಿದ. ಕೋಟೆ ಹೈದರ್ ಅಲಿಯವರ ವಶವಾಯಿತು, ಆ ಮುದಿ ತಾಯಿಯೂ ವಶವಾದರು. ಅವರು ಆಕೆಯನ್ನು ಗೌರವದಿಂದ ನಡೆಸಿಕೊಂಡರು. ತಮ್ಮ ತಾಯಿಗೆ ಆಕೆ ತೋರಿದ್ದ ದಯೆಗಾಗಿ ಹಾಗೆ ಮಾಡಿದರೆಂದು, ಈ ಮನೆತನವನ್ನು ಮೆಚ್ಚದ ವಿಲ್ಕ್ಸ್ ಕೂಡ ಒಪ್ಪುತ್ತಾನೆ. ಅಬ್ಬಾಸ್ ಕುಲಿಯ ಭಯ ಮಾತ್ರ ಹೋಗಲಿಲ್ಲ. 1769ರಲ್ಲಿ ಹೈದರ್ ಅಲಿ ಮದ್ರಾಸಿನ ಬಾಗಿಲಿಗೇ ಬಂದು ನಿಂತಾಗ ಆತ ಹಳೆಯ ಹಡಗೊಂದನ್ನು ಹತ್ತಿ ಸಮುದ್ರದ ಮೇಲೆ ಕುಳಿತನಂತೆ. ಮೈಸೂರಿನ ಸೇನೆ ಘಟ್ಟ ಹತ್ತಿ ಹೋದ ಸುದ್ದಿ ಬರುವ ತನಕ ದಡಕ್ಕೆ ಇಳಿಯಲಿಲ್ಲವಂತೆ.

ಫತೇ ಮುಹಮ್ಮದರ ಮಗನ ಬಗ್ಗೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಅದು ಪ್ರಾಮಾಣಿಕವಾಗದು. ಅದೇ 1761ರಲ್ಲಿ ತಮಗೆ ದ್ರೋಹ ಬಗೆದ ಖಂಡೇರಾಯನನ್ನು ಅವರು ಕಬ್ಬಿಣದ ಪಂಜರದಲ್ಲಿ ಇರಿಸಿ, ಗಿಳಿಗೆ ಹಾಕುವಂತೆ ಹಾಲು ಅನ್ನ ಹಾಕಿಸಿದರು. ನಗಾರಿಯೊಳಗೆ ಉಸಿರುಗಟ್ಟಿದ್ದ ಹುಡುಗನಿಗೆ ಪಂಜರ ಎಂದರೆ ಏನೆಂದು ಗೊತ್ತಿತ್ತು. 1763ರಲ್ಲಿ ಬಿದನೂರು ಗೆದ್ದಾಗ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರನನ್ನೂ ಮಧುಗಿರಿಯ ಬೆಟ್ಟದ ಕೋಟೆಯಲ್ಲಿ ಸೆರೆಯಿಟ್ಟರು. 1767ರಲ್ಲಿ ಪೇಶ್ವೆ ಮಾಧವರಾಯನ ಸೇನೆ ಮಧುಗಿರಿಯನ್ನು ಹಿಡಿದ ಮೇಲಷ್ಟೇ ಆ ವಿಧವೆಗೆ ಬಿಡುಗಡೆ. ಪಾವಗಡದ ಪಾಳೆಯಗಾರನೂ ಮಧುಗಿರಿಯ ಸೆರೆ ಕಂಡವನೇ. ರಾಜ್ಯ ಕಟ್ಟುವವರು ಹೀಗೆಯೇ ಮಾಡುತ್ತಿದ್ದರು, ಇವರೂ ಮಾಡಿದರು ಎನ್ನಬಹುದು. ಆದರೂ ಮಧುಗಿರಿಯ ಆ ಕಡಿದಾದ ಬಂಡೆಯನ್ನು ನೋಡುವಾಗ ದೊಡ್ಡಬಳ್ಳಾಪುರದ ಇನ್ನೊಬ್ಬ ತಾಯಿಯ ನೆನಪು ಬಾರದೆ ಇರುವುದಿಲ್ಲ. ಉಪಕಾರ ಮಾಡಿದ ತಾಯಿಯನ್ನು ಹೈದರ್ ಅಲಿ ಮರೆಯಲಿಲ್ಲ. ಉಪಕಾರವೂ ಅಪಕಾರವೂ ಮಾಡದ ತಾಯಿಯ ವಿಷಯದಲ್ಲಿ ಅವರಿಗೆ ತಮ್ಮ ಬಾಲ್ಯ ನೆನಪಾಗಲಿಲ್ಲ.

ತಂದೆಯ ನೆನಪನ್ನು ಅವರು ಬೇರೆ ರೀತಿಯಲ್ಲೂ ಉಳಿಸಿಕೊಂಡರು. ಮೊಮ್ಮಗ ಟಿಪ್ಪು ಸುಲ್ತಾನರಿಗೆ ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾರ ಹೆಸರಿನೊಂದಿಗೆ ಅಜ್ಜನ ನೆನಪಿಗಾಗಿ ಫತೇ ಅಲಿ ಎಂಬ ಹೆಸರೂ ಇತ್ತು. ಟಿಪ್ಪು ಸುಲ್ತಾನರ ಹಿರಿಯ ಮಗನ ಹೆಸರು ಫತೇ ಹೈದರ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಸುಲ್ತಾನರು ಹುತಾತ್ಮರಾದ ಬಳಿಕ ಆ ಮನೆತನದ ಹೆಂಗಸರನ್ನೂ ಮಕ್ಕಳನ್ನೂ ವೆಲ್ಲೂರಿನ ಕೋಟೆಗೆ ಸಾಗಿಸಲಾಯಿತು. 1806ರ ವೆಲ್ಲೂರು ದಂಗೆಯ ನಂತರ ಗಂಡುಮಕ್ಕಳು ಕಲ್ಕತ್ತಾ ಸೇರಿದರು. ರಣರಂಗದಲ್ಲಿ ಸತ್ತ ತಂದೆ, ಪರರ ಕೋಟೆಯೊಳಗೆ ಉಳಿದ ಹೆಂಡತಿ ಮಕ್ಕಳು. ಎಪ್ಪತ್ತೊಂದು ವರ್ಷಗಳ ಹಿಂದೆ ಫತೇ ಮುಹಮ್ಮದರ ಮನೆಯಲ್ಲಿ ಆದದ್ದೇ ಅರಮನೆಯಲ್ಲೂ ಆಯಿತು.

ಫತೇ ಮುಹಮ್ಮದರ ಗೋರಿ ಕೋಲಾರದಲ್ಲಿದೆ. ಮಗ ಹೈದರ್ ಅಲಿ, ಸೊಸೆ ಫಖ್ರುನ್ನಿಸಾ, ಮೊಮ್ಮಗ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದ ಗುಂಬಝಿನಲ್ಲಿ ಮಲಗಿದ್ದಾರೆ. ಅಲ್ಲಿಗೆ ಸಾವಿರಾರು ಜನ ಹೋಗುತ್ತಾರೆ. ಫತೇ ಮುಹಮ್ಮದರು ಮಾತ್ರ ತಾವು ಕಾವಲು ಕಾಯ್ದ ಊರಿನಲ್ಲೇ, ಪಟ್ಟಣದ ನಡುವಿನ ಮಕ್ಬರಾದಲ್ಲಿದ್ದಾರೆ. ಶಿರಾದ ಪೇದೆಯಾಗಿದ್ದ ತಂದೆ ಮುಹಮ್ಮದ್ ಅಲಿ ತೀರಿಕೊಂಡದ್ದೂ, ಹೆಸರಿಲ್ಲದ ಆ ನಾಯಕ ಅನಾಥ ಹುಡುಗನನ್ನು ಮನೆಗೆ ಕರೆದುಕೊಂಡು ಹೋದದ್ದೂ ಅದೇ ಊರಿನಲ್ಲಿ.